ಕಡಲಿಲ್ಲದ ಐಹೊಳೆ, ಕರ್ಪೂರದ ಬಂದರು

ಐಹೊಳೆಯಿಂದ ಹತ್ತಿರದ ಕಡಲತೀರಕ್ಕೆ ಇನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಊರ ಮಗ್ಗುಲಲ್ಲಿ ಹರಿಯುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿಂದ ಅರಬ್ಬಿ ಸಮುದ್ರಕ್ಕೆ ನೂರು ಕಿಲೋಮೀಟರೂ ಇಲ್ಲ. ಆದರೂ ಆ ಹೊಳೆ ಪಡುವಣಕ್ಕೆ ಬೆನ್ನು ಹಾಕಿ ಮೂಡಣಕ್ಕೆ ಹರಿಯುತ್ತದೆ, ಐಹೊಳೆಯನ್ನು ಸವರಿಕೊಂಡು ಕೂಡಲಸಂಗಮಕ್ಕೆ ಬಂದು ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಯ ದಾರಿ ಹಿಡಿಯುತ್ತದೆ. ಹರಿಗೋಲಿಗೆ ಸಾಕಾಗುವ ನೀರು ಅದು, ಹಡಗಿನ ನೀರಲ್ಲ. ಹಾಗಿದ್ದೂ ಪ್ರವಾಸಿ ಪುಸ್ತಿಕೆಗಳಲ್ಲಿ, ನಾಡಹಬ್ಬದ ಭಾಷಣಗಳಲ್ಲಿ, ಒಂದಿಷ್ಟು ಇತಿಹಾಸದ ಪುಸ್ತಕಗಳಲ್ಲಿ ಐನೂರ್ವರು ಎಂಬ ಹಳೆಯ ವರ್ತಕ ಸಂಘದ ಬಗ್ಗೆ ಒಂದು ಸಾಲು ತಪ್ಪದೆ ಬರುತ್ತದೆ: ಐಹೊಳೆಯ ಐನೂರ್ವರು ಸುಮಾತ್ರಾದವರೆಗೆ ವ್ಯಾಪಾರ ಮಾಡಿದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡ ಸಾಲು ಎಂಬುದು ಓದುತ್ತಿದ್ದಂತೆ ಗೊತ್ತಾಗುತ್ತದೆ. ಇದು ಯಾವ ಕಲ್ಲಿನಲ್ಲಿದೆ, ಆ ಕಲ್ಲು ಈಗ ಎಲ್ಲಿದೆ, ಅದರಲ್ಲಿ ನಿಜವಾಗಿ ಏನು ಬರೆದಿದೆ ಎಂದು ಕೇಳಿದರೆ ಪುಸ್ತಿಕೆ ಬಾಯಿ ಬಿಡುವುದಿಲ್ಲ.

ಹುನಗುಂದದಿಂದ ಅಮೀನಗಡದ ಮೇಲೆ ಐಹೊಳೆಗೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು, "ಏನ್ ನೋಡಾಕ ಹೊಂಟೀರಿ ಸರ?" ಅಂದರು. ಇಲ್ಲಿನ ಸೆಟ್ಟರು ಹಡಗಿನಲ್ಲಿ ವ್ಯಾಪಾರ ಮಾಡುತ್ತಿದ್ದರಂತೆ, ಅದರ ಶಾಸನ ಹುಡುಕುತ್ತಿದ್ದೇನೆ ಅಂದೆ. "ಅಲ್ರೀ, ಹಡಗ ಹತ್ತಾಕ ಅವ್ರು ಯಾವ ದಂಡಿಗೆ ಹೋಗತಿದ್ರು? ಇಲ್ಲಿ ಹೊಳಿ ದಾಟಾಕ ಹರಿಗೋಲ ಇತ್ತು, ಅಷ್ಟ." ಇಡೀ ಹುಡುಕಾಟದಲ್ಲಿ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾವ ವಿದ್ವಾಂಸರೂ ನನಗೆ ಕೇಳಲಿಲ್ಲ.

ಐಹೊಳೆಯಲ್ಲಿ ಕಡಲಿನ ಮಾತು ಸಿಗುವುದು ಗುಡ್ಡದ ಮೇಲಿನ ಮೇಗುತಿ ಬಸದಿಯಲ್ಲಿ. ಗೋಡೆಯ ಮೇಲಿನ ಆ ಸಂಸ್ಕೃತ ಶಾಸನವನ್ನು ರವಿಕೀರ್ತಿ ಬರೆದದ್ದು ಶಕ 556ರಲ್ಲಿ, ಎಂದರೆ ಕ್ರಿ.ಶ. 634–35ರಲ್ಲಿ. ತಾನು ಕಾಳಿದಾಸ, ಭಾರವಿಯರಿಗೆ ಸಮನಾದ ಕೀರ್ತಿ ಗಳಿಸಿದವನೆಂದು ಹೇಳಿಕೊಳ್ಳಲು ಅವನಿಗೆ ಸಂಕೋಚವಿಲ್ಲ. 1870ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಇದನ್ನು ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದರು. ಕೀಲ್‌ಹಾರ್ನ್ ಮತ್ತೆ ಪರಿಷ್ಕರಿಸಿ ಎಪಿಗ್ರಾಫಿಯಾ ಇಂಡಿಕಾದ 6ನೇ ಸಂಪುಟದಲ್ಲಿ ಕೊಟ್ಟರು. ಬಾದಾಮಿಯ ಮಂಗಲೇಶ ರೇವತೀದ್ವೀಪವನ್ನು ಗೆದ್ದದ್ದು ಅದರಲ್ಲಿದೆ. ಅದು ಇಂದಿನ ಸಿಂಧುದುರ್ಗ ಜಿಲ್ಲೆಯ ರೇಡಿ ಎಂದು ಗುರುತಿಸುತ್ತಾರೆ. ಅವನ ಅಣ್ಣನ ಮಗ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಲ್ಲಿ ಹೋಗಿ ಪಡುವಣ ಕಡಲಿನ ಸಿರಿಯಂತಿದ್ದ ಪುರಿ ಎಂಬ ಬಂದರಿಗೆ ಮುತ್ತಿಗೆ ಹಾಕಿದ್ದೂ ಇದೆ. ಪುರಿ ಎಂದರೆ ಮುಂಬಯಿ ಬಳಿಯ ಘಾರಾಪುರಿ ಎಂದು ಕೆಲವರು, ಜಂಜೀರಾ ಪಕ್ಕದ ರಾಜಪುರಿ ಎಂದು ಕೆಲವರು. ಎರಡರಲ್ಲಿ ಯಾವುದಾದರೂ ಬಾದಾಮಿಯ ಅರಸರಿಗೆ ಬೇಕಾಗಿದ್ದದ್ದು ಬಂದರಿನ ಸುಂಕ ಎಂಬುದಂತೂ ಸ್ಪಷ್ಟ.

ಆದರೆ ಇಲ್ಲಿರುವುದು ಅರಸನ ಹಡಗು, ಸೆಟ್ಟರ ಹಡಗಲ್ಲ. ಐನೂರ್ವರ ಸಮುದ್ರ ವ್ಯಾಪಾರಕ್ಕೆ ಸಾಕ್ಷಿಯೆಂದು ಮೇಗುತಿಯನ್ನು ತೋರಿಸುವವರು ಅಲ್ಲಿಂದ 1088ರ ಸುಮಾತ್ರಾ ಶಾಸನದವರೆಗಿನ ನಾಲ್ಕೂವರೆ ಶತಮಾನಗಳನ್ನು ಒಂದೇ ನೆಗೆತಕ್ಕೆ ದಾಟುತ್ತಾರೆ. ಪುಲಕೇಶಿಯ ಕಾಲಕ್ಕೆ ಆ ವರ್ತಕ ಸಂಘದ ಸುಳಿವೇ ಇಲ್ಲ.

ಹಾಗಾದರೆ ಸಂಘದ ಸುಳಿವು ಎಲ್ಲಿಂದ ಶುರು? ಶಾಸನ ಎಂದೊಡನೆ ಕೈ ಹೋಗುವುದು ಬಿ.ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಕಡೆಗೆ. ಅಲ್ಲಿ ಐಹೊಳೆಯೇ ಇಲ್ಲ! ರೈಸ್ ಕೆಲಸ ಮಾಡಿದ್ದು ಮೈಸೂರು ಸಂಸ್ಥಾನದಲ್ಲಿ. ಐಹೊಳೆ ಸೇರಿದ್ದ ಹುನಗುಂದ ಆಗ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿತ್ತು, ಆಮೇಲೆ ಬಿಜಾಪುರ ಜಿಲ್ಲೆಯಲ್ಲಿ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಈ ಕಡೆಯ ಶಾಸನಗಳು ಮೊದಲು ಫ್ಲೀಟರ ಲೇಖನಗಳಲ್ಲಿ ಚದುರಿದವು, ಬಳಿಕ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಮಾಲೆಯಲ್ಲಿ 'ಬಾಂಬೆ-ಕರ್ನಾಟಕ' ಎಂಬ ಹಣೆಪಟ್ಟಿ ಹೊತ್ತು 11, 15ನೇ ಸಂಪುಟಗಳಲ್ಲಿ ಹಾಗೂ ಮುಂದಿನ ಸಂಪುಟಗಳಲ್ಲಿ ಬಂದವು. ಗಡಿಗಳನ್ನು ಲೆಕ್ಕಿಸದೆ ಅಡ್ಡಾಡಿದ ಜನರನ್ನು ಹುಡುಕಲು ಬ್ರಿಟಿಷರು ಹಾಕಿದ ಗಡಿಗಳ ಪ್ರಕಾರ ಪುಸ್ತಕದ ಕಪಾಟು ಬದಲಿಸಬೇಕು. ಮೈಸೂರಿನ ಶಾಸನ ಓದಿದವರು ಮುಂಬಯಿಯದನ್ನು ನೋಡದೆ, ಮುಂಬಯಿಯದನ್ನು ಓದಿದವರು ಮದರಾಸಿನದನ್ನು ನೋಡದೆ ಹೋದದ್ದರಿಂದಲೇ ಐನೂರ್ವರ ಕಥೆ ಬಹುಕಾಲ ತುಂಡು ತುಂಡಾಗಿ ಉಳಿಯಿತು ಎಂಬುದು ನನ್ನ ಅನಿಸಿಕೆ.

ಐಹೊಳೆಯ ಲಾಡ್‌ಖಾನ್ ಗುಡಿಯಲ್ಲಿ 8ನೇ ಶತಮಾನದ ಸುಮಾರಿನ ಒಂದು ಶಾಸನವಿದೆ. ಅದು ಹೇಳುವ ಐನೂರ್ವರು ವರ್ತಕರಲ್ಲ, ಊರಿನ ಐನೂರು ಮಂದಿ ಚತುರ್ವೇದಿಗಳು. ಅಗ್ರಹಾರದ ಮಹಾಜನರ ಸಭೆ ಅದು. ಈ ಐನೂರು ವೈದಿಕರಿಗೂ ಮುಂದೆ ಬಂದ ಐನೂರ್ವ ವರ್ತಕರಿಗೂ ಏನು ಸಂಬಂಧ ಎಂದು ಜಿ.ಎಸ್. ದೀಕ್ಷಿತರಿಂದ ಮೀರಾ ಅಬ್ರಹಾಂವರೆಗೆ ಅನೇಕರು ತಲೆ ಕೆಡಿಸಿಕೊಂಡಿದ್ದಾರೆ. ನನಗೆ ತೋರುವುದು ಇಷ್ಟು: ದೊಡ್ಡ ಸಭೆಯೊಂದು ಇರುವ ಊರಿನಲ್ಲಿ ವ್ಯಾಪಾರಕ್ಕೂ ನ್ಯಾಯಕ್ಕೂ ಅದರ ಹೆಸರೇ ಆಧಾರವಾಗುತ್ತದೆ. ಆ ಹೆಸರಿನಡಿ ವ್ಯಾಪಾರ ಬೆಳೆಯಿತು, ಬರಬರುತ್ತಾ ಹೆಸರು ವ್ಯಾಪಾರದವರದ್ದೇ ಆಯಿತು.

11ನೇ ಶತಮಾನಕ್ಕೆ ಬಂದರೆ ಐನೂರ್ವರು ಎಲ್ಲೆಲ್ಲೂ ಎದುರಾಗುತ್ತಾರೆ. ಅಯ್ಯಾವೊಳೆಯ ಐನೂರ್ವರು, ವೀರಬಣಂಜು ಧರ್ಮದವರು, ನಾನಾದೇಶಿಗಳು ಎಂದು ನಾನಾ ಹೆಸರು. ಈಗಿನ ಬಾಗಲಕೋಟೆ ಜಿಲ್ಲೆಯದೇ ಆದ ತೇರದಾಳದ ಶಾಸನ ಜಿನಾಲಯದ ದತ್ತಿಯನ್ನು ಹೇಳುವ ನಡುವೆ ಇವರನ್ನು ಹೊಗಳಲು ಧಾರಾಳ ಜಾಗ ಕೊಡುತ್ತದೆ. ಎಲ್ಲಕ್ಕಿಂತ ಶ್ರೀಮಂತವಾದದ್ದು ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಶಾಸನ. ಇದು ರೈಸರ ಸಂಪುಟದಲ್ಲೇ ಇದೆ. ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರ, ಕಾಂಭೋಜ, ಗೌಳ, ಪಾರಸ, ನೇಪಾಳ ಎಂದು ಅವರು ತುಳಿದ ನಾಡುಗಳ ಪಟ್ಟಿಯೇ ಒಂದು ಭೂಗೋಳ. ನೆಲದ ದಾರಿ, ನೀರಿನ ದಾರಿ ಎರಡೂ ಉಂಟು. ಸರಕಿನಲ್ಲಿ ಆನೆ, ಜಾತಿ ಕುದುರೆ, ನೀಲ, ಮುತ್ತು, ಮಾಣಿಕ್ಯ, ವಜ್ರ, ಹವಳ, ಪಚ್ಚೆ. ಆಮೇಲೆ ಏಲಕ್ಕಿ, ಲವಂಗ, ಗುಗ್ಗುಳ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ. ಸಗಟಾಗಿ ಮಾರುವವರೂ ಅವರೇ, ಹೆಗಲ ಮೇಲೆ ಹೊತ್ತು ಬೀದಿ ಅಲೆಯುವವರೂ ಅವರೇ. ಹೇರು ಹೊರಲು ಕತ್ತೆ, ಕೋಣ. ಕೃತಯುಗದಿಂದಲೂ ದೇಶ ಸುತ್ತಲೆಂದೇ ಹುಟ್ಟಿದವರು ಎಂಬ ಬಡಾಯಿಯೂ ಇದೆ. ಪ್ರಶಸ್ತಿ ಎಂದ ಮೇಲೆ ಉತ್ಪ್ರೇಕ್ಷೆ ಸಹಜ. ಆದರೆ ಸರಕಿನ ಪಟ್ಟಿಯನ್ನು ಬರೀ ಕಾವ್ಯಕ್ಕಾಗಿ ಕೆತ್ತಿಸುವುದಿಲ್ಲ ಎಂದು ನಂಬಿದ್ದೇನೆ.

ಆ ಪಟ್ಟಿಯಲ್ಲಿ ನನ್ನ ಬೆರಳು ನಿಂತದ್ದು ಕರ್ಪೂರದ ಮೇಲೆ. ಏಲಕ್ಕಿ ನಮ್ಮ ಮಲೆನಾಡಿನದು, ಶ್ರೀಗಂಧ ನಮ್ಮ ಕಾಡಿನದು, ಮುತ್ತು ಪಾಂಡ್ಯನಾಡಿನ ಕಡಲಿನದು. ಕರ್ಪೂರ ಇಲ್ಲಿ ಎಲ್ಲಿಯೂ ಬೆಳೆಯುವುದಿಲ್ಲ. ಆ ಕಾಲದ ಉತ್ತಮ ಕರ್ಪೂರ ಬರುತ್ತಿದ್ದದ್ದು ಸುಮಾತ್ರಾ, ಬೋರ್ನಿಯೋ, ಮಲಯದ ಕಾಡುಗಳಲ್ಲಿನ ದೈತ್ಯ ಮರವೊಂದರಿಂದ. ಆ ಮರದ ತಿರುಳಿನ ಬಿರುಕುಗಳಲ್ಲಿ ಹರಳು ತಾನಾಗಿ ಕಟ್ಟುತ್ತದೆ. ಎಲ್ಲ ಮರದಲ್ಲೂ ಇರುವುದಿಲ್ಲ, ಹೊರಗಿನಿಂದ ಗೊತ್ತಾಗುವುದೂ ಇಲ್ಲ, ಕಡಿದು ಸೀಳಿಯೇ ನೋಡಬೇಕು. ಹಾಗಾಗಿ ಬೆಲೆ ಮುಗಿಲು ಮುಟ್ಟಿತ್ತು. ಈಗ ನಾವು ಮಂಗಳಾರತಿಗೆ ಹಚ್ಚುವ ಬಿಲ್ಲೆ ಬಹುಪಾಲು ಪೈನ್ ಮರದ ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಹಳೆಯ ಹರಳಿನ ನೆಂಟಸ್ತಿಕೆ ಉಳಿದಿರುವುದು ತೀರ್ಥಕ್ಕೆ, ಸಿಹಿ ಅಡಿಗೆಗೆ ಹಾಕುವ ಪಚ್ಚಕರ್ಪೂರದಲ್ಲಿ.

ಕರ್ಪೂರದ ಜಾಡು ಹಿಡಿದರೆ ದಾರಿ ಒಂದೇ ಬಂದರಿಗೆ ಹೋಗುತ್ತದೆ. ಸುಮಾತ್ರಾದ ಪಡುವಣ ಕರಾವಳಿಯ ಬರೂಸ್. ಪುಸ್ತಿಕೆಯ ಆ ಸಾಲಿನ ಹಿಂದಿನ ಪುಸ್ತಕ, ಅದರ ಅಡಿಟಿಪ್ಪಣಿಯ ಹಿಂದಿನ ಲೇಖನ ಎಂದು ಒಂದೊಂದೇ ಮೆಟ್ಟಿಲು ಇಳಿದಾಗ ನಾನು ಹೋಗಿ ನಿಂತದ್ದೂ ಅಲ್ಲೇ: ಕೆ.ಎ. ನೀಲಕಂಠ ಶಾಸ್ತ್ರಿಗಳು 1932ರಲ್ಲಿ ಬಟೇವಿಯಾದ ಡಚ್ ವಿದ್ವತ್ ಪತ್ರಿಕೆಯಲ್ಲಿ ಬರೆದ ಲೇಖನ. ಸುಮಾತ್ರಾದಲ್ಲಿ ಒಂದು ತಮಿಳು ವರ್ತಕ ಸಂಘ ಎಂಬುದು ಅದರ ವಿಷಯ. ತಲೆಬರಹದಲ್ಲೇ ತಮಿಳು ಇದೆ ಎಂಬುದನ್ನು ಆ ಲೇಖನವನ್ನು ಉಲ್ಲೇಖಿಸುವ ನಮ್ಮವರು ಅಷ್ಟಾಗಿ ಹೇಳುವುದಿಲ್ಲ.

ಕಲ್ಲು ಸಿಕ್ಕದ್ದು 1873ರಲ್ಲಿ, ಬರೂಸ್ ಸಮೀಪದ ಲೋಬು ತುವಾ ಎಂಬಲ್ಲಿ. ಮದರಾಸಿನ ಸರಕಾರಿ ಶಾಸನತಜ್ಞ ಹುಲ್ಶ್ 1892ರ ವರದಿಯಲ್ಲಿ ಅದರ ಸಾರಾಂಶ ಕೊಟ್ಟರು. ನಲವತ್ತು ವರ್ಷದ ಮೇಲೆ ಶಾಸ್ತ್ರಿಗಳು ಅದನ್ನು ಸವಿಸ್ತಾರವಾಗಿ ಚರ್ಚಿಸಿದರು. ಒಡೆದು ಸವೆದ ಕಲ್ಲಾದ್ದರಿಂದ ಓದಲು ಆಗದ ಭಾಗಗಳು ಬಹಳ ಇದ್ದವು. ಕೊನೆಗೆ ವೈ. ಸುಬ್ಬರಾಯಲು ಹೊಸದಾಗಿ ಓದಿ 1998ರಲ್ಲಿ ಪ್ರಕಟಿಸಿದರು. ಫ್ರೆಂಚ್ ವಿದ್ವಾಂಸ ಕ್ಲೋದ್ ಗಿಯೊ ಸಂಪಾದಿಸಿದ ಬರೂಸಿನ ಇತಿಹಾಸದ ಸಂಪುಟದಲ್ಲಿ ಆ ಪಾಠವಿದೆ. ಈಗ ಆಧಾರವಾಗಿ ಹಿಡಿಯಬೇಕಾದದ್ದು ಅದನ್ನೇ.

ಶಕ 1010, ಮಾಸಿ ತಿಂಗಳು. ಎಂದರೆ 1088. ಲಿಪಿ ತಮಿಳು, ಭಾಷೆ ತಮಿಳು. ಸಾವಿರ ದಿಕ್ಕುಗಳ ಐನೂರ್ವರು ಬರೂಸಿನ ಕಡಲಂಚಿನ ವಸಾಹತಿನಲ್ಲಿ ಸೇರಿ ಒಂದು ಕಟ್ಟುಪಾಡು ಮಾಡುತ್ತಾರೆ. ಬರುವ ಪ್ರತಿ ಹಡಗಿನ ನಾಯಕನೂ ಹುಟ್ಟು ಹಾಕುವವರೂ ಗೊತ್ತಾದ ಸುಂಕ ಕೊಡಬೇಕು. ಸುಂಕ ಚಿನ್ನದಲ್ಲಿ, ಪ್ರಮಾಣ ಕಸ್ತೂರಿಯ ಬೆಲೆಯ ಮೇಲೆ. ಕೊಟ್ಟ ಮೇಲೆಯೇ ಹಾಸಿದ ಬಟ್ಟೆಯ ಮೇಲೆ ಕಾಲಿಟ್ಟು ಒಳಗೆ ಬರಬೇಕು. ಇದನ್ನು ಕಲ್ಲಿನಲ್ಲಿ ಬರೆಸಿ ನೆಟ್ಟೆವು, ಧರ್ಮ ಮರೆಯಬೇಡಿ. ವಿಷಯ ಇಷ್ಟೇ. ರಾಜನ ಹೊಗಳಿಕೆ ಇಲ್ಲ, ಯುದ್ಧ ಇಲ್ಲ. ಒಂದು ಬಂದರಿನ ಬಾಗಿಲಲ್ಲಿ ನಿಂತು ರಸೀತಿ ಹರಿಯುವವರ ಮಾತು.

ಈ ಪುಟ್ಟ ಪಾಠದಲ್ಲಿ ಬಂದರಿನ ಸ್ವಭಾವ ಪೂರ್ತಿ ಕಾಣುತ್ತದೆ. ಕಸ್ತೂರಿಯನ್ನೇ ನೋಡಿ. ಅದು ಸುಮಾತ್ರಾದ ಸರಕಲ್ಲ, ತಮಿಳುನಾಡಿನದೂ ಅಲ್ಲ. ಹಿಮಾಲಯ, ಟಿಬೆಟಿನ ಮೃಗದಿಂದ ಬರುವುದು. ಭೂಮಧ್ಯರೇಖೆಗೆ ಎರಡು ಡಿಗ್ರಿ ದೂರದಲ್ಲಿ, ವರ್ಷವಿಡೀ ಮಳೆ ಹೊಯ್ಯುವ ಒಂದು ದಂಡೆಯಲ್ಲಿ, ಹಿಮದ ನಾಡಿನ ವಸ್ತುವಿನ ಬೆಲೆಯ ಮೇಲೆ ಸುಂಕ ನಿಗದಿಯಾಗುತ್ತದೆ ಎಂದರೆ ಆ ಬೆಲೆ ಅಲ್ಲಿಗೆ ಬರುವವರಿಗೆಲ್ಲ ಗೊತ್ತಿದ್ದಿರಬೇಕು. ಚೀನದ ಕಡೆಯವನೂ ಪಾರಸದ ಕಡೆಯವನೂ ನಾಗಪಟ್ಟಣದ ಕಡೆಯವನೂ ಜಗಳವಿಲ್ಲದೆ ಒಪ್ಪುವ ಅಳತೆಗೋಲು ಅದು.

1990ರ ದಶಕದ ಉತ್ತರಾರ್ಧದಲ್ಲಿ ಗಿಯೊ ಮತ್ತು ಇಂಡೋನೇಷ್ಯಾದ ಪುರಾತತ್ತ್ವಜ್ಞರು ಲೋಬು ತುವಾವನ್ನು ಅಗೆದರು. ಚೀನದ ಪಿಂಗಾಣಿ ಚೂರು, ಪಶ್ಚಿಮ ಏಷ್ಯಾದ ಗಾಜು, ಭಾರತದ ಬಗೆಯ ಮಣ್ಣಿನ ಪಾತ್ರೆಗಳು ಬಂದವು. ಊರು ಬಾಳಿದ್ದು ಸುಮಾರು 9ನೇ ಶತಮಾನದ ನಡುವಿನಿಂದ 12ನೇ ಶತಮಾನದ ಮೊದಲ ಭಾಗದವರೆಗೆ. ಎಂದರೆ ಐನೂರ್ವರು ಕಲ್ಲು ನೆಟ್ಟದ್ದು ಆ ವಸಾಹತಿನ ಕೊನೆಯ ದಿನಗಳಲ್ಲಿ. ಅದಾದ ಮೇಲೂ ಬರೂಸ್ ಅಳಿಯಲಿಲ್ಲ, ಪಕ್ಕಕ್ಕೆ ಸರಿದು ಬದುಕಿತು. ಅರಬರು ಅದನ್ನು ಫನ್ಸೂರ್ ಎಂದರು. 13ನೇ ಶತಮಾನದ ಕೊನೆಗೆ ಆ ಕಡೆ ಹೋದ ಮಾರ್ಕೋ ಪೋಲೊ ಅಲ್ಲಿನ ಕರ್ಪೂರ ಚಿನ್ನದ ತೂಕಕ್ಕೆ ಮಾರಾಟವಾಗುತ್ತದೆ ಎಂದು ಬರೆದ. ಮಲಯ ಭಾಷೆಯ ದೊಡ್ಡ ಸೂಫಿ ಕವಿ ಹಂಜಾ ಫನ್ಸೂರಿಯ ಹೆಸರಿನಲ್ಲೇ ಆ ಊರಿದೆ. ಬೆಟ್ಟದ ಬಟಕ್ ಜನ ಕಾಡಿನಿಂದ ಕರ್ಪೂರ, ಸಾಂಬ್ರಾಣಿ ಇಳಿಸುತ್ತಿದ್ದರು. ದಂಡೆಯವರು ಹಡಗಿಗೆ ಏರಿಸುತ್ತಿದ್ದರು. ಕಾಡಿನವರಿಗೂ ಕಡಲಿನವರಿಗೂ ನಡುವೆ ನಿಂತು ಬದುಕಿದ ಊರು. ಇಂದು ಉತ್ತರ ಸುಮಾತ್ರಾ ಪ್ರಾಂತದ ಸಣ್ಣ ಪಟ್ಟಣ.

ನಮ್ಮ ಕರಾವಳಿಯಲ್ಲೂ ಇಂಥ ಊರುಗಳಿದ್ದವು. ಬಾರಕೂರಿನ ಶಾಸನಗಳಲ್ಲಿ ಹತ್ತು ಕೇರಿಯ ಹಲರು ಬರುತ್ತಾರೆ. ಬಸರೂರಿನಲ್ಲಿ ಊರ ವರ್ತಕರ ಕೂಟವಾದ ನಖರದ ಜೊತೆಗೆ ಹಂಜಮಾನ, ಎಂದರೆ ಕಡಲಾಚೆಯಿಂದ ಬಂದವರ ಕೂಟ. ಆದರೆ ಇವು ತುಂಬಿ ತುಳುಕಿದ್ದು ವಿಜಯನಗರದ ಕಾಲಕ್ಕೆ. ಬಸ್ಸಿನ ಹಿರಿಯರ ಪ್ರಶ್ನೆಗೆ 1088ರ ಕಲ್ಲು ಕೊಡುವ ಉತ್ತರ ಬೇರೆ: ಬರೂಸಿಗೆ ಹೋದವರು ಹಡಗು ಹತ್ತಿದ್ದು ಮೂಡಣ ದಂಡೆಯಲ್ಲಿ, ತಮಿಳು ರೇವುಗಳಲ್ಲಿ.

ಹಾಗಾದರೆ ಅವರು ಐಹೊಳೆಯವರೇ? ಅಲ್ಲ. ನನ್ನ ತೀರ್ಮಾನ ಅದು. ಶಾಸನದಲ್ಲಿ ಬರುವ ಸೆಟ್ಟಿಯೂ ಹುದ್ದೆಗಳೂ ತಮಿಳಿನವು. ಬರೂಸ್ ಮಾತ್ರವಲ್ಲ, ಥಾಯ್ಲೆಂಡಿನ ತಕುವಾಪಾದಿಂದ ಬರ್ಮಾದ ಪಗಾನ್‌ವರೆಗೆ ದಕ್ಷಿಣ ಭಾರತದ ವರ್ತಕ ಸಂಘಗಳು ಬಿಟ್ಟುಹೋದ ಶಾಸನಗಳೆಲ್ಲ ತಮಿಳಿನವೇ. ಕನ್ನಡದ್ದು ಒಂದೂ ಇಲ್ಲ. ಇದನ್ನು ಕೇಳಿ ಮುಖ ಸಣ್ಣ ಮಾಡಿಕೊಳ್ಳುವವರಿದ್ದಾರೆ. ನನಗೆ ಮಾತ್ರ ಇಲ್ಲಿಂದಲೇ ಕಥೆ ರಂಗೇರಿತು. ಏಕೆಂದರೆ ತಮಿಳುನಾಡಿನ ಒಳಗೇ ಸಿಗುವ ಈ ಸಂಘದ ಪ್ರಶಸ್ತಿಗಳಲ್ಲಿ ಅವರು ತಮ್ಮನ್ನು ಅಯ್ಯಪೊಳಿಲ್ ಊರಿನ ಪರಮೇಶ್ವರಿಯ ಮಕ್ಕಳು ಎಂದು ಕರೆದುಕೊಳ್ಳುತ್ತಾರೆ. ಅಯ್ಯಪೊಳಿಲ್ ಎಂದರೆ ನಮ್ಮ ಐಹೊಳೆಯೇ. ಮಲಪ್ರಭೆಯ ದಂಡೆಯನ್ನು ಕಣ್ಣಿಂದ ಕಾಣದ ಪುದುಕ್ಕೋಟೆಯ ಸೆಟ್ಟಿ ತನ್ನ ತಾಯಿ ಐಹೊಳೆಯಲ್ಲಿದ್ದಾಳೆ ಎನ್ನುತ್ತಾನೆ! ಇಳಕಲ್ ಸೀರೆಯ ವ್ಯಾಪಾರ ಬಲ್ಲವರಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ. ಸುತ್ತಲ ಎಷ್ಟೋ ಹಳ್ಳಿಗಳ ಮಗ್ಗದಲ್ಲಿ ನೇಯ್ದದ್ದೂ ಪೇಟೆಯಲ್ಲಿ ಇಳಕಲ್ ಸೀರೆಯೇ. ಕೊಳ್ಳುವವರು ನಂಬುವುದು ಆ ಹೆಸರನ್ನು. ದೂರದ ಊರಿನಲ್ಲಿ ಗುರುತಿಲ್ಲದವನಿಗೆ ಸಾಲ ಕೊಡಲು, ಸರಕು ಒಪ್ಪಿಸಲು ಇಂಥದೊಂದು ಹೆಸರು ಬೇಕಾಗುತ್ತದೆ.

1088ರಲ್ಲಿ ಐಹೊಳೆ ಇದ್ದದ್ದು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ತಮಿಳು ರೇವುಗಳಿದ್ದದ್ದು ಚೋಳ ಒಂದನೆಯ ಕುಲೋತ್ತುಂಗನ ಕೈಯಲ್ಲಿ. ಇಬ್ಬರಿಗೂ ಹಾವು ಮುಂಗುಸಿಯ ಸಂಬಂಧ, ವೆಂಗಿಯ ಮೇಲೆ ಇಬ್ಬರ ಕಣ್ಣು. ವಿಕ್ರಮಾದಿತ್ಯನ ಪ್ರಜೆಯ ಊರಿನ ಹೆಸರನ್ನು ಕುಲೋತ್ತುಂಗನ ಪ್ರಜೆ ಹೆಮ್ಮೆಯಿಂದ ಹೊತ್ತು ಸುಮಾತ್ರಾಕ್ಕೆ ಹೋಗುತ್ತಾನೆ, ಎರಡೂ ಕಡೆಯ ಅರಸರ ಗೊಡವೆ ಇಲ್ಲದೆ ತನ್ನದೇ ಸುಂಕ ಹಾಕುತ್ತಾನೆ. ಅರಸರ ವಂಶಾವಳಿಯಿಂದಲೇ ನಮ್ಮ ಇತಿಹಾಸ ಬರೆದವರಿಗೆ ಇದು ಎಲ್ಲಿಯೂ ಸರಿಯಾಗಿ ಕೂರಲಿಲ್ಲ. ಅದಕ್ಕೇ ಒಂದು ಸಾಲಿನಲ್ಲಿ ಮುಗಿಸಿಬಿಟ್ಟರು.

ಆ ಕಲ್ಲು ನೆಟ್ಟ ಮುಂದಿನ ಶತಮಾನದಲ್ಲೇ, ಐಹೊಳೆಯ ನೀರು ಹರಿದು ಹೋಗಿ ಸೇರುವ ಕೂಡಲಸಂಗಮದಲ್ಲಿ ಬಸವಣ್ಣನವರು ಓದಿ ಬೆಳೆದರು. ಐನೂರ್ವರ ಶಾಸನಗಳು ಕನ್ನಡ ನಾಡಿನಲ್ಲಿ ಹೇರಳವಾಗಿ ಸಿಗುವುದೂ ಆ ಶತಮಾನದಲ್ಲೇ. ಸಂಗಮನಾಥನ ಗುಡಿಗೂ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನ ನಡುವೆ ಬಾವಿ ಕಟ್ಟಿ ಉಳಿಸಿಕೊಂಡ ಐಕ್ಯ ಮಂಟಪಕ್ಕೂ ಲಕ್ಷಾಂತರ ಜನ ಬರುತ್ತಾರೆ. ಅವರಲ್ಲಿ ಅನೇಕರು ಅದೇ ದಿನ ಐಹೊಳೆಗೂ ಹೋಗಿ ದುರ್ಗಾ ದೇವಾಲಯದ ಮುಂದೆ ಫೋಟೊ ತೆಗೆಸಿಕೊಂಡು ಹಿಂತಿರುಗುತ್ತಾರೆ.

ಅವರಿಗೆ ತೋರಿಸಬೇಕಾದದ್ದು ಒಂದಿದೆ. ಲೋಬು ತುವಾದ ಕಲ್ಲು ಇಂದು ಜಕಾರ್ತಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪಡಿಯಚ್ಚೊಂದನ್ನು ತರಿಸಿ ಐಹೊಳೆಯ ವಸ್ತುಸಂಗ್ರಹಾಲಯದಲ್ಲಿ ಇಡಬೇಕು. ಕೆಳಗೆ ಸುಬ್ಬರಾಯಲು ಅವರ ಪಾಠದ ಕನ್ನಡ ಅನುವಾದ ಇರಬೇಕು. ಇದು ತಮಿಳು ಶಾಸನ, ಇದನ್ನು ಹಾಕಿಸಿದವರು ತಮಿಳು ಸೆಟ್ಟರು, ಅವರು ಹೊತ್ತದ್ದು ಈ ಊರಿನ ಹೆಸರು ಎಂದು ಮುಚ್ಚುಮರೆಯಿಲ್ಲದೆ ಬರೆದಿರಬೇಕು. ಐಹೊಳೆಯವರು ಸುಮಾತ್ರಾದವರೆಗೆ ವ್ಯಾಪಾರ ಮಾಡಿದರು ಎಂಬ ಸಾಲನ್ನು ಯಾವ ಪುಸ್ತಿಕೆಯಲ್ಲಿ ಕಂಡರೂ ಓದುಗರು ದಯವಿಟ್ಟು ತಿದ್ದಿಸಿ.